ಫೋನಿನಲ್ಲಿ ಹೇಳಿದ ಚುಕ್ಕಿ

ಕಂಪ್ಲಿಯ ಕಂಪ್ಯೂಟರ್ ಕೋಣೆಯಿಂದ ದಿನಾ ಸಂಜೆ ನನಗೊಂದು ಫೋನ್ ಕರೆ ಬರುತ್ತಿತ್ತು. ಆ ಹೊತ್ತಿಗೆ ನಾನು ಹೊಸಪೇಟೆಯ ನಮ್ಮ ಕಚೇರಿಯಲ್ಲಿ ಮೇಜಿನ ಮೇಲಿದ್ದುದನ್ನೆಲ್ಲ ಬದಿಗೆ ಸರಿಸಿ, ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡು ಕೂತಿರುತ್ತಿದ್ದೆ. ಕರೆ ಮಾಡುತ್ತಿದ್ದವರು ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಶಿಕ್ಷಕಿ. ನಾವು ಮಾತಾಡುತ್ತಿದ್ದುದು ಯಂತ್ರದ ಆರೋಗ್ಯದ ವಿಷಯ ಮಾತ್ರ. ಅವರನ್ನು ಮದುವೆಯಾಗಬೇಕೆಂಬ ಆಸೆ ನನಗಿತ್ತು. ಅವರೊಂದಿಗೆ ಮಾತಾಡಲು ಊರು ಒಪ್ಪಿದ್ದ ನೆಪ ಆ ಕರೆಯೊಂದೇ ಆಗಿತ್ತು. ಆ ಕರೆಯ ಅಗತ್ಯವೇ ಇಲ್ಲದಂತೆ ಮಾಡುವ ವಿದ್ಯೆಯನ್ನು ನಾನು ಆ ವರ್ಷ ಶ್ರದ್ಧೆಯಿಂದ ಕಲಿತೆ. ಕಲಿಯಲು ಹೇಳಿದವರೂ ಅವರೇ.

ಅದು ಅದಿರಿನ ಕಾಲ. ಸಂಡೂರಿನ ಗುಡ್ಡಗಳಿಂದ ಇಳಿದ ಲಾರಿಗಳು ಹೊಸಪೇಟೆಯ ರಸ್ತೆಗಳಲ್ಲಿ ಒಂದರ ಬಾಲಕ್ಕೊಂದು ಅಂಟಿಕೊಂಡು ನಿಂತಿರುತ್ತಿದ್ದವು. ಕೆಂಪು ಧೂಳು ಮರದೆಲೆಗಳ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಹೋಟೆಲಿನ ಇಡ್ಲಿಯ ಮೇಲೆ ಕೂರುತ್ತಿತ್ತು. ಊರಿನ ಮಾತೆಲ್ಲ ಟ್ರಿಪ್ಪು, ಟನ್ನು, ಟಿಪ್ಪರ್ ಆಗಿಹೋಗಿತ್ತು. ನಾನೂ ನನ್ನೊಬ್ಬ ಗೆಳೆಯನೂ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಜೋಡಿಯಾಗಿ ಹೋಗಿ ಬಹುಮಾನದ ಢಾಲುಗಳನ್ನು ಹೊತ್ತು ತಂದವರು. ಭೂಮಿಯ ಹೊಟ್ಟೆ ಬಗೆದು ತೆಗೆದ ಸಂಪತ್ತು ಭೂಮಿಯ ಮೇಲಿರುವ ಮನುಷ್ಯರಿಗೆ ವಿದ್ಯೆಯನ್ನು ಕೊಡದೆ ಹೋದರೆ ಅದು ಸಂಪತ್ತೇ ಅಲ್ಲ ಎಂದು ವೇದಿಕೆಯ ಮೇಲೆ ಮೇಜು ಗುದ್ದಿ ಹೇಳಿದ್ದೆವು. ಹೇಳಿದ್ದನ್ನು ಮಾಡಿ ತೋರಿಸಬೇಕೆಂಬ ಹಟವೂ ನಮಗಿತ್ತು. ಕೆಲವು ಹಿರಿಯರು ಕೊಟ್ಟ ಹಳೆಯ ಕಂಪ್ಯೂಟರುಗಳನ್ನು ಜೋಡಿಸಿ ಹೊಸಪೇಟೆ, ಸಂಡೂರು, ಹಂಪಿ, ಕಂಪ್ಲಿಗಳಲ್ಲಿ ಒಂದೊಂದು ಕೋಣೆ ತೆರೆದೆವು. ಶಾಲೆ ಬಿಟ್ಟ ಮೇಲೆ ಹೆಣ್ಣುಮಕ್ಕಳು ಬಂದು ಅಲ್ಲಿ ಟೈಪು ಮಾಡುವುದನ್ನು, ಬರೆಯುವುದನ್ನು, ಲೆಕ್ಕದ ಹಾಳೆ ತಯಾರಿಸುವುದನ್ನು ಕಲಿಯಬೇಕು. ಗೆಳೆಯ ಜನರನ್ನು ನೋಡಿಕೊಂಡ, ನಾನು ಯಂತ್ರಗಳನ್ನು.

ಯಂತ್ರಗಳ ಮೇಲ್ವಿಚಾರಣೆ ಎಂದರೆ ಮೊದಮೊದಲು ಬಸ್ಸಿನ ಪ್ರಯಾಣವೇ ಆಗಿತ್ತು. ಸಂಡೂರಿನ ಕಂಪ್ಯೂಟರಿನ ಹೊಟ್ಟೆ ಬಿಚ್ಚಿದರೆ ಫ್ಯಾನಿನ ರೆಕ್ಕೆಗಳಿಗೆ ಕುಂಕುಮ ಬಳಿದಂತಿರುತ್ತಿತ್ತು. ಬ್ರಷ್ಷು ಹಿಡಿದು ಅದನ್ನು ಕೊಡವಿ, ಹಂಪಿಗೆ ಹೋಗಿ, ಬಜಾರಿನ ಕಲ್ಲುಮಂಟಪಗಳ ಸಾಲಿನ ಹಿಂದಿದ್ದ ನಮ್ಮ ಕೋಣೆಯ ಯಂತ್ರದಲ್ಲಿ ತುಂಬಿಹೋದ ಕಡತಗಳನ್ನು ತೆಗೆದುಹಾಕಿ, ಅಲ್ಲಿಂದ ಕಂಪ್ಲಿಗೆ ಹೋಗಬೇಕೆನ್ನುವಷ್ಟರಲ್ಲಿ ರಸ್ತೆಯ ಮೇಲೆ ಎಲ್ಲೋ ಒಂದು ಲಾರಿ ಮಗುಚಿರುತ್ತಿತ್ತು. ಹೀಗಾಗಿ ಕಂಪ್ಲಿಯ ಕೆಲಸವನ್ನು ಫೋನಿನಲ್ಲಿಯೇ ಹೇಳಿ ಮಾಡಿಸುವ ರೂಢಿ ಬಿತ್ತು.

ಕಂಪ್ಲಿಯ ಕೋಣೆ ಒಂದು ಅಕ್ಕಿ ಗಿರಣಿಯ ಆವರಣದಲ್ಲಿತ್ತು. ಹಿಂದೆ ಗೋಣಿಚೀಲ ಇಡುತ್ತಿದ್ದ ಜಾಗ; ಗೋಡೆಗೆ ಸುಣ್ಣ ಬಳಿದ ಮೇಲೂ ಭತ್ತದ ಹೊಟ್ಟಿನ ವಾಸನೆ ಹೋಗಿರಲಿಲ್ಲ. ಗಿರಣಿಯ ಮಾಲೀಕರು ಹಳೆಯ ಶೈವ ಮನೆತನದವರು, ನದಿಯ ದಂಡೆಯಲ್ಲಿ ತಲೆಮಾರುಗಳಿಂದ ನೆಲೆನಿಂತವರು. ಅವರ ಮಗಳೇ ಅಲ್ಲಿನ ಶಿಕ್ಷಕಿ. ಬಳ್ಳಾರಿಯಲ್ಲಿ ಬಿಎಸ್ಸಿ ಮುಗಿಸಿ ಮನೆಗೆ ಬಂದಿದ್ದರು. ಕೋಣೆ ಕೇಳಲು ಹೋದ ದಿನವೇ ಆ ತಂದೆ ತಮ್ಮ ಷರತ್ತನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಮದುವಿ ಆಗೋತನಕ ಆಕಿ ಏನರ ಮಾಡ್ಕೊಂಡಿರ್ಲಿ. ಆಮ್ಯಾಲಿಂದು ಆಮ್ಯಾಲೆ ನೋಡೂಣು." ನಾನು ಕೋಣೆ ಸಿಕ್ಕ ಸಂತೋಷದಲ್ಲಿ ತಲೆಯಾಡಿಸಿದ್ದೆ.

ಸಂಜೆ ಹುಡುಗಿಯರು ಮನೆಗೆ ಹೋದ ಮೇಲೆ ಅವರು ಫೋನ್ ಮಾಡುತ್ತಿದ್ದರು. ಯಂತ್ರಕ್ಕೆ ಆದೇಶಗಳನ್ನು ಟೈಪು ಮಾಡಿ ಕೊಡಬೇಕು. ಅವು ಅಕ್ಷರ, ಗೆರೆ, ಗುರುತುಗಳ ಸರಮಾಲೆ. ಒಂದು ಗುರುತು ತಪ್ಪಿದರೂ ಕೆಲಸ ಕೆಡುತ್ತದೆ. ಆ ಗುರುತುಗಳ ಇಂಗ್ಲಿಷ್ ಹೆಸರುಗಳನ್ನು ನಾನು ಒಂದೊಂದಾಗಿ ಪಾಠ ಮಾಡಹೊರಟಾಗ ಅವರು ತಡೆದರು.

"ಸರ, ಈ ಹೆಸರು ನನ್ನ ಬಾಯಾಗ ಹೊಳ್ಳವಲ್ವು. ನಾವ್ ನಾವಾ ಹೆಸರಿಟ್ಕೊಂಡ್ರ ಅಕ್ಕೈತೇನ್ರಿ?"

ಹೀಗೆ ನಮ್ಮದೊಂದು ಕಿರುಭಾಷೆ ಹುಟ್ಟಿತು. ಅಕ್ಷರಗಳ ನಡುವೆ ಬಿಡುವ ಜಾಗ 'ಖಾಲಿ ಮನಿ'. ಓರೆಯಾಗಿ ಎಳೆದ ಗೆರೆ 'ಓರೆ ಗೀಟು'. ನೆಟ್ಟಗೆ ನಿಂತದ್ದು 'ಕಂಬ'. ಹಾವಿನಂತೆ ಬಳುಕಿದ ಗುರುತು 'ಹಳ್ಳ'. ಮನೆಯಲ್ಲಿ ಹುಡುಗಿಯರು ಅಂಗಳಕ್ಕೆ ಇಡುವ ರಂಗೋಲಿಯಿಂದ ನಾನು ಒಂದು ಹೆಸರನ್ನು ಎತ್ತಿಕೊಂಡೆ: ಇಂಗ್ಲಿಷಿನ ಪೂರ್ಣವಿರಾಮಕ್ಕೆ 'ಚುಕ್ಕಿ'. ಇದು ಎಷ್ಟು ಸಹಜವಾಗಿತ್ತೆಂದರೆ, ಅದನ್ನು ಗಟ್ಟಿಯಾಗಿ ಹೇಳಿ ಒಪ್ಪಿಸಿಕೊಳ್ಳುವ ಅಗತ್ಯವೇ ನನಗೆ ಕಾಣಲಿಲ್ಲ.

ಒಮ್ಮೊಮ್ಮೆ ಅವರ ತಂದೆ ಗಿರಣಿಯ ಕಡೆಯಿಂದ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವರ ದನಿ ನನಗೂ ಕೇಳಿಸುತ್ತಿತ್ತು.

"ಏನವಾ ಇದು, ಖಾಲಿ ಮನಿ, ಕಂಬ, ಹಳ್ಳ? ಆ ಭಾಷಣದ ಮಾಸ್ತರ ಫೋನಿನಾಗ ಜಾಗಾ ಮಾರಕ್ಹತ್ಯಾನೇನು?"

"ಕಂಪ್ಯೂಟರಿಂದಪ್ಪ."

"ಕಂಪ್ಯೂಟರಿಗೂ ಮನಿ ಬೇಕಾತೇನು! ಜಲ್ದಿ ಮುಗಸು, ಊಟಕ್ಕ ನಿಮ್ಮವ್ವ ಕಾಯಕ್ಹತ್ಯಾಳ."

ಶಿಕ್ಷಕಿ ನಕ್ಕು, ದನಿ ತಗ್ಗಿಸಿ, "ಸೈಟ್ ಯಾವ ಊರಾಗ ಐತಿ ಅಂತ ಕೇಳಕ್ಹತ್ಯಾರ ನೋಡ್ರಿ," ಎನ್ನುತ್ತಿದ್ದರು. ಯಂತ್ರ ಒಂದು ಆದೇಶವನ್ನು ಜೀರ್ಣಿಸಿಕೊಳ್ಳುವವರೆಗೆ ಸಿಗುತ್ತಿದ್ದ ಬಿಡುವಿನಲ್ಲಿ ಇಂಥ ಎರಡು ಮಾತು. ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ, ಇವತ್ತು ಯಾವ ಹುಡುಗಿ ಏನು ಬರೆದಳು, ಕರೆಂಟು ಎಷ್ಟು ಸಲ ಹೋಯಿತು. ಯಂತ್ರ ನಿಧಾನವಾಗಿದ್ದಷ್ಟೂ ನನಗೆ ಒಳ್ಳೆಯದಾಗಿತ್ತು. ಮನೆತನ, ಅಂತಸ್ತು, ನನ್ನ ಕಡಿಮೆ ಸಂಪಾದನೆ, ಇವನ್ನೆಲ್ಲ ದಾಟಿ ಅವರ ತಂದೆಯ ಮುಂದೆ ಹೇಗೆ ಮಾತು ತೆಗೆಯುವುದೆಂದು ನಾನು ಚರ್ಚೆಗೆ ಸಿದ್ಧವಾಗುವಂತೆ ಮೊದಲನೆಯದಾಗಿ, ಎರಡನೆಯದಾಗಿ ಎಂದು ಮನಸ್ಸಿನಲ್ಲೇ ವಾದ ಹೆಣೆಯುತ್ತಿದ್ದೆ. ಮಂಡಿಸುವ ದಿನವನ್ನು ಮಾತ್ರ ಮುಂದೂಡುತ್ತಿದ್ದೆ.

ಕಂಪ್ಲಿಯ ಹುಡುಗಿಯರು ತಮ್ಮ ಓಣಿಯ ಬಗ್ಗೆ ಬರೆಯುತ್ತಿದ್ದರು. ಕನ್ನಡದ ಅಕ್ಷರ ಯಂತ್ರದಲ್ಲಿ ಇನ್ನೂ ನೆಟ್ಟಗೆ ಮೂಡದ ಕಾಲವಾದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲಿಯೇ ಕನ್ನಡವನ್ನು ಒತ್ತುತ್ತಿದ್ದರು. ಕಬ್ಬು ಕಡಿಯಲು ಹೋದಾಗ ಕೈಗೆ ಬೀಳುವ ಗೀರುಗಳು, ಹರಗೋಲಿನಲ್ಲಿ ನದಿ ದಾಟುವಾಗ ಅಜ್ಜಿ ಮುಚ್ಚಿಕೊಳ್ಳುವ ಕಣ್ಣು, ಭತ್ತ ಕುದಿಸುವಾಗ ಏಳುವ ಹಬೆ. ಪ್ರತಿಯೊಬ್ಬಳಿಗೂ ಅವಳದೇ ಒಂದು ಕಡತಕೋಶ, ಎಂದರೆ ಫೋಲ್ಡರು. ಅದರೊಳಗೆ ಬರೆದು ಮುಗಿಸಿದ್ದೆಲ್ಲ 'ಹಳೆ' ಎಂಬ ಹೆಸರಿನ ಒಳಕೋಶದಲ್ಲಿ. ಯಂತ್ರದ ಕಸವನ್ನು ಎತ್ತಿಡಲು ಹೊರಗೆ ಸಾಮಾನ್ಯವಾದ ಇನ್ನೊಂದು ಕೋಶವಿತ್ತು. ಅದಕ್ಕೂ ನಾನು 'ಹಳೆ' ಎಂದೇ ಹೆಸರಿಟ್ಟಿದ್ದೆ.

ಒಂದು ಸಂಜೆ ಆ ಕಸವನ್ನು ಅಳಿಸಬೇಕಾಗಿತ್ತು. ಅಳಿಸುವ ಆದೇಶವನ್ನು ಹೇಳಿ, ಖಾಲಿ ಮನೆ ಬಿಡಿಸಿ, "ಇನ್ನ ಚುಕ್ಕಿ ಹಾಕ್ರಿ, ಓರೆ ಗೀಟು, ಆಮ್ಯಾಲೆ ಹಳೆ," ಎಂದೆ. ನಾನು ಹೇಳಿದ್ದು ಅಂಗಳದ ಚುಕ್ಕಿ. ಯಂತ್ರದ ಭಾಷೆಯಲ್ಲಿ ಅದರ ಅರ್ಥ 'ನಾವು ನಿಂತ ಜಾಗದಲ್ಲಿರುವುದು'. ಅವರು ಕೇಳಿಸಿಕೊಂಡದ್ದು ಆಕಾಶದ ಚುಕ್ಕಿ. ನಮ್ಮ ಕಡೆ ನಕ್ಷತ್ರಕ್ಕೂ ಜನ ಚುಕ್ಕಿ ಎಂದೇ ಅನ್ನುತ್ತಾರೆ. ಕೀಲಿಮಣೆಯಲ್ಲಿ ನಕ್ಷತ್ರದ ಆಕಾರದ ಗುರುತೂ ಒಂದಿದೆ. ಅದಕ್ಕೆ ನಾವು ಅದುವರೆಗೆ ಹೆಸರಿಟ್ಟಿರಲಿಲ್ಲ. ಯಂತ್ರಕ್ಕೆ ಆ ನಕ್ಷತ್ರದ ಅರ್ಥ 'ಎಲ್ಲರ ಮನೆ'. ಎಲ್ಲ ಹುಡುಗಿಯರ ಕೋಶಗಳ ಒಳಗಿದ್ದ 'ಹಳೆ' ಅಷ್ಟೂ ಆ ಒಂದೇ ಆದೇಶಕ್ಕೆ ಅಳಿದುಹೋಯಿತು. ನಕಲು ತೆಗೆದಿಡುವುದು ಆ ಸಂಜೆಯ ಮುಂದಿನ ಕೆಲಸವಾಗಿತ್ತು.

"ಸರ, ಇದು ಭಾಳ ಹೊತ್ತು ತಗೊಳಾಕ್ಹತ್ತೈತ್ರಿ," ಎಂದರು ಅವರು. ಕಸ ಅಷ್ಟೊಂದು ಇರಲಿಲ್ಲವೆಂಬುದು ನನಗೆ ಗೊತ್ತಿತ್ತು. ಪರದೆಯ ಮೇಲೆ ಏನಿದೆ, ಒಂದೊಂದೇ ಗುರುತು ಓದಿ ಎಂದೆ. ಓದಿದರು. "ಆಮ್ಯಾಲೆ ಚುಕ್ಕಿ ಐತ್ರಿ." "ಎಂಥಾ ಚುಕ್ಕಿರಿ?" "ಎಂಥಾದಂದ್ರ? ಮುಗಲಾಗ ಇರತೈತಲ್ರಿ, ಅದಾ."

ಗಿರಣಿಯ ಪಟ್ಟಿ ತಿರುಗುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಕೊನೆಗೆ ಅವರು, "ತಪ್ಪು ನಿಮ್ಮದೂ ಅಲ್ರಿ, ನಂದೂ ಅಲ್ಲ. ಚುಕ್ಕಿದು," ಎಂದರು. ನಗಿಸಲು ಹೇಳಿದ ಮಾತಿನಂತಿತ್ತು, ಆದರೆ ದನಿ ಒಡೆದಿತ್ತು. ಮರುದಿನ ಹುಡುಗಿಯರನ್ನು ಕೂರಿಸಿಕೊಂಡು ಸಂಗತಿಯನ್ನು ಅವರೇ ಹೇಳಿದರಂತೆ. ಒಬ್ಬಳು ಅತ್ತಳಂತೆ. ಇನ್ನೊಬ್ಬಳು, ಹೋಗ್ಲಿ ಬಿಡ್ರಿ ಅಕ್ಕಾರ, ಅಜ್ಜಿ ಇನ್ನೂ ಅದಾಳಲ್ಲ, ಮತ್ತ ಬರಿತೀನಿ ಎಂದಳಂತೆ.

ಆ ವಾರವೇ ಅವರು ಮಾತು ತೆಗೆದರು. "ಸರ, ಈ ಬಾಯಿಮಾತಿನ ಕೆಲಸ ಬ್ಯಾಡ್ರಿ ಇನ್ನ. ಯಂತ್ರಾನ ತನ್ನ ಕೆಲಸ ತಾ ಮಾಡಿಕೊಳ್ಳಂಗ ಬರದು ಇಡಾಕ ಬರತೈತಂತ ನೀವಾ ಒಮ್ಮೆ ಹೇಳಿದ್ರಿ. ಅದನ್ನ ಕಲೀರಿ."

"ಟೈಮ್ ಹಿಡಿತೈತ್ರಿ."

"ಹಿಡೀಲಿ. ಆದ್ರ ಜಲ್ದಿ ಕಲೀರಿ."

ಎರಡು ಮಾತುಗಳ ನಡುವಿನ ಆ ವಿರೋಧಾಭಾಸವನ್ನು ಚರ್ಚಾಪಟುವಾದ ನಾನು ಹಿಡಿಯದೆ ಹೋದೆ.

ಬೆಂಗಳೂರಿನಿಂದ ಪರಿಚಿತರೊಬ್ಬರು ಒಂದು ಪುಸ್ತಕದ ಜೆರಾಕ್ಸ್ ಪ್ರತಿ ಕಳಿಸಿದರು. ಶೆಲ್ ಎಂಬ ಆದೇಶಭಾಷೆಯಲ್ಲಿ ಸ್ಕ್ರಿಪ್ಟ್ ಬರೆಯುವುದು ಹೇಗೆಂಬುದು ಅದರ ವಿಷಯ. ಅದುವರೆಗೆ ಒಂದೊಂದಾಗಿ ಟೈಪು ಮಾಡಿಸುತ್ತಿದ್ದ ಆದೇಶಗಳನ್ನೇ ಒಂದು ಕಡತದಲ್ಲಿ ಸಾಲಾಗಿ ಬರೆದಿಟ್ಟು, ಇಂಥದು ಕಂಡರೆ ಹೀಗೆ ಮಾಡು, ಕಾಣದಿದ್ದರೆ ಹಾಗೆ ಮಾಡು ಎಂದು ಮೊದಲೇ ಹೇಳಿಡುವ ವಿದ್ಯೆ ಅದು. ಸಂಡೂರಿನ ದಾರಿಯಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡ ಬಸ್ಸುಗಳೇ ನನ್ನ ತರಗತಿಯಾದವು. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಪುಟಗಳ ಮೇಲೆ ಧೂಳು. ಆ ಪುಸ್ತಕದ ಅಂಚುಗಳೆಲ್ಲ ಕೆಂಪಾದವು.

ನಾನು ತರ್ಕದಲ್ಲಿ ಬೆಳೆದವನಾದ್ದರಿಂದ ಆ ಭಾಷೆ ನನ್ನನ್ನು ಒಮ್ಮೆಲೇ ಸೆಳೆಯಿತು. ಅಷ್ಟೇ ಬೇಗ ಅವಮಾನವನ್ನೂ ಮಾಡಿತು. ಸಮಗುರುತಿನ ಎರಡೂ ಬದಿಗೆ ಅಂದವಾಗಿ ಜಾಗ ಬಿಟ್ಟೆ, ಅದು ಒಪ್ಪಲಿಲ್ಲ. 'ಇಫ್' ಎಂದು ಆರಂಭಿಸಿದ್ದನ್ನು ಅದೇ ಪದವನ್ನು ತಿರುವಿ 'ಫಿ' ಎಂದು ಬರೆದು ಮುಚ್ಚಬೇಕು, ಮರೆತೆ, ಎಲ್ಲೋ ದೂರದ ಕೊನೆಯ ಸಾಲಿನಲ್ಲಿ ತಪ್ಪಿದೆ ಎಂದು ಅದು ದೂರಿತು. ವೇದಿಕೆಯ ಮೇಲೆ ನಾನು ಎಷ್ಟೋ 'ಒಂದು ವೇಳೆ'ಗಳನ್ನು ತೆರೆದು ಮುಚ್ಚದೆ ಇಳಿದು ಬಂದಿದ್ದೇನೆ. ಸಭೆ ಚಪ್ಪಾಳೆ ತಟ್ಟಿದೆ. ಯಂತ್ರ ಚಪ್ಪಾಳೆ ತಟ್ಟುವುದಿಲ್ಲ. ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಕೆಲಸ ಸರಿಯಾಗಿ ಮುಗಿದರೆ ಆ ಭಾಷೆ ಸೊನ್ನೆಯನ್ನು ಮರಳಿಸುತ್ತದೆ. ಸೊನ್ನೆ ಎಂದರೆ ಗೆಲುವು. ಉಳಿದ ಎಲ್ಲ ಅಂಕಿಗಳೂ ಸೋಲಿನ ಬಗೆಗಳು. ತೀರ್ಪುಗಾರರ ಅಂಕಗಳನ್ನು ನೆಚ್ಚಿ ಬದುಕಿದವನಿಗೆ ಇದನ್ನು ಒಪ್ಪಿಕೊಳ್ಳಲು ಹೊತ್ತು ಹಿಡಿಯಿತು.

ಸಂಜೆಯ ಕರೆ ಇನ್ನೂ ನಡೆದಿತ್ತು, ಈಗ ಇನ್ನಷ್ಟು ಉದ್ದವಾಗಿ. ನಾನು ಬರೆದದ್ದನ್ನು ಅವರಿಗೆ ಓದಿ ಹೇಳುತ್ತಿದ್ದೆ. ಅವರು ಅದನ್ನು ತಮ್ಮ ಯಂತ್ರದಲ್ಲಿ ಬರೆದು ನೋಡುತ್ತಿದ್ದರು. ಚುಕ್ಕಿ ಎಂದ ಕೂಡಲೇ, "ಅಂಗಳದ್ದೋ, ಮುಗಲಿಂದೋ?" ಎಂದು ಕೇಳುವುದು ರೂಢಿಯಾಯಿತು. ಎರಡೂ ಕಡೆ ನಗು. ಅವರೂ ಕಲಿಯುತ್ತ ಹೋದರು. ಇಬ್ಬರೂ ಒಂದೇ ಪುಟದ ಮೇಲೆ ಬೆರಳಿಟ್ಟುಕೊಂಡು ಬೇರೆ ಬೇರೆ ಊರುಗಳಲ್ಲಿ ಕೂತಿದ್ದೇವೆ ಎಂಬ ಭಾವನೆಯೇ ಆಗ ನನಗೆ ಸಾಕಾಗುವಷ್ಟು ಸುಖವಾಗಿತ್ತು.

ನನ್ನ ಗೆಳೆಯ ಮಾತ್ರ ಬೇರೆಯದನ್ನು ಕಂಡಿದ್ದ. ಒಂದು ಮಧ್ಯಾಹ್ನ ಮಿರ್ಚಿ ಮಂಡಕ್ಕಿ ತಿನ್ನುತ್ತ ಕೇಳಿದ: "ಲೇ, ನೀ ಬರಿಯೋದು ಏನ್ ಕೆಲಸ ಮಾಡತೈತಿ ಗೊತ್ತೈತೇನು?"

"ನಕಲು ತೆಗಿತೈತಿ, ಕಸ ಅಳಸತೈತಿ, ತಾನಾ ಫೋನ್ ಹಚ್ಚಿ ನಮ್ಮ ಯಂತ್ರಕ್ಕ ವರದಿ ಕೊಡತೈತಿ."

"ಆಕಿ ಫೋನ್ ಬಂದ್ ಮಾಡತೈತಿ. ಅಷ್ಟಾ."

ನಾನು ವಾದಿಸಿದೆ. ಯಾಂತ್ರಿಕವಾದದ್ದನ್ನು ಯಂತ್ರಕ್ಕೆ ಬಿಟ್ಟರೆ ಮನುಷ್ಯರಿಗೆ ಮನುಷ್ಯರ ಮಾತಿಗೆ ಸಮಯ ಉಳಿಯುತ್ತದೆ. ದುಡಿಮೆಯ ಹೊರೆ ಇಳಿದಾಗಲೇ ಸಂಬಂಧಗಳು ನಿಜವಾಗುತ್ತವೆ. ಅವನು ಕೈ ಒರೆಸಿಕೊಂಡು, "ಮಸ್ತ್ ಐತಿ. ಕಪ್ ನಿನಗಾ. ಈಗ ಹೋಗಿ ಆಕೀನ ಕೇಳು," ಎಂದ. ಕೈಯಲ್ಲಿ ಮುಗಿದ ಕೆಲಸವೊಂದಿಲ್ಲದೆ ಹೋಗಿ ಕೇಳುವುದು ನನಗೆ ಸರಿಯೆನಿಸಲಿಲ್ಲ. ಸ್ಕ್ರಿಪ್ಟಿನ ಮೊದಲ ಭಾಗ ತಯಾರಾದ ದಿನ ಕೇಳುತ್ತೇನೆಂದು ಅವನಿಗೆ ಮಾತು ಕೊಟ್ಟೆ.

ಆ ದಿನ ಹಂಪಿಯಲ್ಲಿ ಬಂತು. ಎಲ್ಲ ಕೋಣೆಗಳ ಶಿಕ್ಷಕಿಯರನ್ನೂ ಅಲ್ಲಿ ಸೇರಿಸಿದ್ದೆವು. ಕಂಪ್ಲಿಯಿಂದ ಅವರು ಹಿರಿಯ ವಿದ್ಯಾರ್ಥಿನಿಯರಿಬ್ಬರನ್ನು ಕರೆದುಕೊಂಡು ಗಿರಣಿಯ ಜೀಪಿನಲ್ಲಿ ಬಂದಿದ್ದರು. ನಾನು ಸ್ಕ್ರಿಪ್ಟನ್ನು ಓಡಿಸಿ ತೋರಿಸಿದೆ. ಯಾರೂ ಕೀಲಿ ಮುಟ್ಟದೆ ಕಡತಗಳು ನಕಲಾದವು, ಕಸ ಅಳಿಯಿತು. ಕಸದ ಕೋಶದ ಹೆಸರನ್ನು ಬದಲಿಸಿದ್ದೆ. ಎಲ್ಲರೂ ಊಟಕ್ಕೆ ಎದ್ದಾಗ ಅವರು ಬಜಾರಿನ ಒಂದು ಮಂಟಪದ ನೆರಳಿಗೆ ಬಂದು ನಿಂತರು. ಆಗ ಆ ಮಂಟಪಗಳಲ್ಲಿ ಅಂಗಡಿಗಳಿದ್ದವು. ಪಕ್ಕದಲ್ಲಿ ಒಬ್ಬ ಹೆಂಗಸು ವಿದೇಶಿಯರಿಗೆ ಕನ್ನಡಿ ಹಚ್ಚಿದ ಬಟ್ಟೆಯ ಚೀಲಗಳನ್ನು ಎತ್ತಿ ತೋರಿಸುತ್ತಿದ್ದಳು.

"ಸರ, ಇದು ನಾ ಇಲ್ದಾಗನೂ ನಡೀತೈತೇನ್ರಿ?"

"ನಡೀತೈತ್ರಿ. ಫೋನ್ ಹಚ್ಚೋದೊಂದು ಭಾಗ ಉಳದೈತಿ. ಅದಾದ್ರ ಯಾರೂ ಬೇಕಾಗಂಗಿಲ್ಲ."

"ಖರೇನ?"

"ಖರೇನ್ರಿ."

"ಹಂಗಾದ್ರ ಛಲೋ ಆತು," ಎಂದರು. ಆ ಕ್ಷಣದಲ್ಲಿ ಕೇಳಿಬಿಡಬೇಕೆನಿಸಿತು. ಹೆಣೆದಿಟ್ಟ ಮೊದಲನೆಯದಾಗಿ, ಎರಡನೆಯದಾಗಿಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. "ನಾ ನಿಮ್ಮ ಅಪ್ಪಾರ ಕೂಡ ಮಾತಾಡ್ಲೇನ್ರಿ?" ಎಂದಷ್ಟೇ ಬಾಯಿಗೆ ಬಂತು.

ಅವರು ನನ್ನತ್ತ ನೋಡಲಿಲ್ಲ. ಕಂಬದ ಮೇಲಿನ ಸುಣ್ಣದ ಕಲೆಯೊಂದನ್ನು ಉಗುರಿನಿಂದ ಕೆರೆಯುತ್ತ ನಿಂತರು. "ಯಾವ ವಿಷಯ ಅಂತ ನಾ ಕೇಳಂಗಿಲ್ರಿ. ನನಗ ಗೊತ್ತೈತಿ." ಕೆರೆಯುವುದನ್ನು ನಿಲ್ಲಿಸಿ ಹೇಳಿದರು: "ಸಂಡೂರಿನವರು ಬಂದು ನೋಡಿ ಹೋಗ್ಯಾರ್ರಿ. ಅದಿರಿನ ಲಾರಿ ಅದಾವ ಅವರವು. ಅಪ್ಪ ಮಾತ ಕೊಟ್ಟಾನ."

"ಯಾವಾಗ್ರಿ?"

"ಆ ಚುಕ್ಕಿ ಗದ್ಲ ಆತಲ್ರಿ, ಅದರ ಹಿಂದಿನ ವಾರ. ಅದಕ್ಕಾ ಅವತ್ತು ನನ್ನ ಗ್ಯಾನ ಎಲ್ಲೋ ಇತ್ತು. ಅಂಗಳದ ಚುಕ್ಕಿ ಅಂತ ಹೊಳೀಲಾ ಇಲ್ಲ."

ಆಮೇಲೆ ಉಳಿದದ್ದನ್ನೂ ಹೇಳಿದರು. ಮಗಳು ಹೋದ ಮೇಲೆ ದಿನಾ ಸಂಜೆ ಫೋನ್ ಹಿಡಿದು ಕೂರಲು ಗಿರಣಿಯಲ್ಲಿ ಯಾರೂ ಇಲ್ಲ, ಕೋಣೆ ಮುಚ್ಚುತ್ತೇನೆ ಎಂದು ತಂದೆ ಹೇಳಿದ್ದರು. ಯಂತ್ರ ತಾನೇ ನಡೆಯುವುದಾದರೆ ಇರಲಿ, ಹಿರಿಯ ಹುಡುಗಿಯರು ಕಿರಿಯರಿಗೆ ಹೇಳಿಕೊಡಲಿ ಎಂದಿದ್ದರು. "ಅದಕ್ಕಾ ನಿಮಗ ಕಲೀರಿ ಅಂದೆ."

"ಆವಾಗ್ನ ನನಗ ಹೇಳಬೇಕಿತ್ರಿ."

"ಹೇಳಿದ್ರ ನೀವು ಕಲೀತಿದ್ರೇನು?"

ಆ ಪ್ರಶ್ನೆಯನ್ನು ಬದಿಗಿಟ್ಟು ನಾನು ಮಾತಾಡಿದೆ. ವಿದ್ಯಾವಂತ ಹೆಣ್ಣಿನ ಆಯ್ಕೆಯ ಹಕ್ಕು, ಕಾನೂನು, ಅಂತಸ್ತಿನ ಟೊಳ್ಳುತನ, ಅದಿರಿನ ಹಣದ ಅಲ್ಪಾಯುಷ್ಯ, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಯಾವ ಸಭೆಯಲ್ಲೂ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಅವರು ಪೂರ್ತಿ ಕೇಳಿದರು. "ಸರ, ಮಾತಿನಾಗ ನಿಮ್ಮನ್ನ ಯಾರೂ ಗೆಲ್ಲಂಗಿಲ್ಲ. ಅಪ್ಪನೂ ಗೆಲ್ಲಂಗಿಲ್ಲ. ಗೆದ್ದು ಏನ್ ಮಾಡೂಣ್ರಿ? ನಮ್ಮವ್ವ ಆ ಮನ್ಯಾಗ ಇರಬೇಕು, ನನ್ನ ತಂಗಿ ಇರಬೇಕು." ಜೀಪು ಬಂದು ನಿಂತಿತ್ತು. "ಉಳದಿದ್ದು ಮುಗಸ್ರಿ," ಎಂದು ಮೆಟ್ಟಿಲಿಳಿದರು. ಹುಡುಗಿಯರು ಹಿಂದಿನ ಸೀಟಿನಲ್ಲಿ ಕಿತ್ತಳೆ ಸುಲಿಯುತ್ತ ನನಗೆ ಕೈ ಬೀಸಿದರು.

ಉಳಿದಿದ್ದುದು ಫೋನ್ ಹಚ್ಚುವ ಭಾಗ. ಕಂಪ್ಲಿಯ ಯಂತ್ರ ಸಂಜೆಯ ಅದೇ ಹೊತ್ತಿಗೆ, ಅದೇ ತಂತಿಯ ಮೇಲೆ, ಹೊಸಪೇಟೆಯ ನನ್ನ ಸಂಖ್ಯೆಯನ್ನು ತಾನೇ ಒತ್ತಬೇಕು. ಇಲ್ಲಿನ ಯಂತ್ರ ಎತ್ತಿಕೊಳ್ಳಬೇಕು. ವರದಿ ಬಂದು ಸೇರಬೇಕು. ಅದನ್ನು ಬರೆದು ಮುಗಿಸದೆ ಎಳೆಯಬಹುದಿತ್ತು, ಆಗಾಗ ಕೆಡುವಂತೆ ಬರೆಯಬಹುದಿತ್ತು. ಈ ಯೋಚನೆಗಳು ನನಗೆ ಬಂದವು. ಆದರೆ ಅಜ್ಜಿಯ ಕಣ್ಣಿನ ಬಗ್ಗೆ ಮತ್ತೆ ಬರೆಯುತ್ತಿದ್ದ ಆ ಹುಡುಗಿ ಕೂರಲು ಆ ಕೋಣೆ ಬೇಕಿತ್ತು. ಅದನ್ನು ಉಳಿಸಲು ಅವರು ಕಂಡುಕೊಂಡಿದ್ದ ದಾರಿ ಇದೊಂದೇ. ಸಾಲಿನ ಮೇಲೆ ಸಾಲು ಬರೆದೆ. ಲೈನು ಬಿಡುವಿಲ್ಲದಿದ್ದರೆ ಸ್ವಲ್ಪ ಕಾದು ಮತ್ತೆ ಪ್ರಯತ್ನಿಸು. ಆಗಲೂ ಸಿಗದಿದ್ದರೆ ಮತ್ತೆ. ತೆರೆದ ಪ್ರತಿ 'ಇಫ್' ಅನ್ನೂ ಮುಚ್ಚಿದೆ. ನನ್ನ ಜೀವನದಲ್ಲಿ ಒಂದು ತಪ್ಪೂ ಇಲ್ಲದೆ ಮೊದಲ ಸಲಕ್ಕೇ ಓಡಿದ ಸ್ಕ್ರಿಪ್ಟು ಅದೊಂದೇ.

ಕಂಪ್ಲಿಗೆ ಹೋಗಿ ನಾನೇ ಅದನ್ನು ಹಾಕಿ ಬಂದೆ. ಅವರು ಪಕ್ಕದಲ್ಲಿ ನಿಂತು ಪ್ರತಿ ಸಾಲನ್ನೂ ಓದಿದರು, ಒಂದು ಕಡೆ ಬೆರಳಿಟ್ಟು, "ಇಲ್ಲಿ ಕಾಯೋದು ಸ್ವಲ್ಪ ಜಾಸ್ತಿ ಮಾಡ್ರಿ, ನಮ್ಮೂರ ಲೈನ್ ತಡ," ಎಂದರು. ಮಾಡಿದೆ. ಅವರ ತಂದೆ ಬೆಲ್ಲದ ಚಹಾ ತರಿಸಿದರು.

ಮರುದಿನ ಸಂಜೆ ಹೊಸಪೇಟೆಯಲ್ಲಿ ಫೋನು ಒಂದು ಸಲ ರಿಂಗಾಯಿತು. ಅಭ್ಯಾಸಬಲದಿಂದ ಕೈ ಚಾಚಿದೆ. ಅಷ್ಟರಲ್ಲಿ ಯಂತ್ರ ಅದನ್ನು ಎತ್ತಿಕೊಂಡಿತ್ತು. ರಿಸೀವರ್ ಕಿವಿಗಿಟ್ಟರೆ ಎರಡು ಯಂತ್ರಗಳು ಪರಸ್ಪರ ಕಿರುಚುವ ಕರ್ಕಶ ಸದ್ದು. ಹಾಗೆ ಕಿವಿಗಿಟ್ಟದ್ದರಿಂದಲೇ ವರದಿ ಅರ್ಧಕ್ಕೆ ಕಡಿದುಹೋಯಿತು. ಕಂಪ್ಲಿಯ ಯಂತ್ರ, ನಾನು ಬರೆದಂತೆಯೇ, ಸ್ವಲ್ಪ ಕಾದು ಮತ್ತೆ ಕರೆಯಿತು. ಆ ಸಲ ನಾನು ಮುಟ್ಟಲಿಲ್ಲ. ಮುಂದಿನ ದಿನಗಳಲ್ಲಿ ಆ ಹೊತ್ತಿಗೆ ಕಚೇರಿಯಿಂದ ಎದ್ದು ಕಾಲುವೆಯ ಕಡೆ ಹೋಗಿ ನಿಲ್ಲುವುದನ್ನು ರೂಢಿಸಿಕೊಂಡೆ.

ಮದುವೆಗೆ ನಾನೂ ಗೆಳೆಯನೂ ಹೋಗಿದ್ದೆವು. ಹೊರಗೆ ಬೀಗರ ಲಾರಿಗಳನ್ನು ತೊಳೆದು, ಮುಂದೆ ಬಾಳೆಕಂದು ಕಟ್ಟಿ, ಸಾಲಾಗಿ ನಿಲ್ಲಿಸಿದ್ದರು. ಅಕ್ಷತೆ ಹಾಕಿ, ಉಂಡು, ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಗೆಳೆಯ ಒಂದು ತಮಾಷೆಯನ್ನೂ ಮಾಡಲಿಲ್ಲ. ಅದರಿಂದಲೇ ನನಗೆ ಅಳು ಬಂತು.

ಕೋಣೆ ಉಳಿಯಿತು. ಆ ಸ್ಕ್ರಿಪ್ಟನ್ನು ಸಂಡೂರಿಗೂ ಹಂಪಿಗೂ ಹಾಕಿದೆ. ನನ್ನ ಬಸ್ಸಿನ ಅಲೆದಾಟ ತಪ್ಪಿತು. ಉಳಿದ ಸಮಯದಲ್ಲಿ ಮಾಡಬೇಕೆಂದುಕೊಂಡಿದ್ದ ಸುಧಾರಣೆಯ ಕೆಲಸಗಳನ್ನು ಮಾಡಿದೆ, ಭಾಷಣಗಳನ್ನೂ ಮಾಡಿದೆ. ಅದಿರಿನ ಲಾರಿಗಳು ಊರಿನ ಶ್ವಾಸಕ್ಕೆ ಮಾಡುತ್ತಿರುವ ಹಾನಿಯನ್ನು ಕುರಿತು ಹೆಚ್ಚು ಕಟುವಾಗಿ ಮಾತಾಡತೊಡಗಿದೆ. ಆ ಕಟುತ್ವದಲ್ಲಿ ಸಿದ್ಧಾಂತ ಎಷ್ಟು, ನೋವು ಎಷ್ಟು ಎಂದು ಬೇರ್ಪಡಿಸಲು ನನಗೆ ಆಗಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಅವರ ತಂದೆ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಪೇಟೆಯ ಕೆಲಸಕ್ಕೆ ಬಂದಿದ್ದರಂತೆ. ಟವೆಲಿನಿಂದ ಮುಖ ಒರೆಸಿಕೊಂಡು ಕೂತರು.

"ಏನ್ರಿ ಮಾಸ್ತರ, ನಿಮ್ಮ ಯಂತ್ರ ಛಲೋ ನಡದೈತ್ರಿ. ಯಾರನ್ನೂ ಕೇಳಂಗಿಲ್ಲ, ಹೇಳಂಗಿಲ್ಲ. ಅಳಿಯಾರಿಗೂ ಹೇಳಿದೆ. ಅವರ ಸಂಡೂರಿನ ಆಫೀಸಿಗೂ ಕಂಪ್ಯೂಟರ್ ತಂದಾರ. ಲಾರಿ ಟ್ರಿಪ್ಪಿನ ಲೆಕ್ಕ ಎಲ್ಲಾ ಅದರಾಗಾ. ಮಗಳು ಅದನ್ನ ನಾ ನೋಡ್ಕೊಂತೀನಿ ಅಂದಾಳಂತ. ಮನ್ಯಾಗ ಕುಂತು ಕುಂತು ಬ್ಯಾಸರಂತ ಆಕಿಗೆ."

"ಹೌದೇನ್ರಿ."

"ಅದಕ್ಕೂ ಒಂದು ಹಂಗಾ ಬರದು ಕೊಡ್ರಿ. ನೀವು ಅಲ್ಲಿಗೆ ಬರೋದು ಬ್ಯಾಡಂತ. ಬರದು ಕೊಟ್ರ ಸಾಕಂತ, ಆಕೀನ ಹಾಕ್ಕೊಂತಾಳಂತ."

ಪಕ್ಕದ ಮೇಜಿನಲ್ಲಿದ್ದ ಗೆಳೆಯ ತಲೆಯೆತ್ತಿ ನನ್ನನ್ನು ನೋಡಿದ. ಹಿಂದಿನ ವಾರವಷ್ಟೇ ಅದೇ ಲಾರಿಗಳ ವಿರುದ್ಧ ಇಬ್ಬರೂ ಕೂಡಿ ಮನವಿ ಬರೆದಿದ್ದೆವು. ಅದಿರಿನ ಲೆಕ್ಕವನ್ನು ಅಚ್ಚುಕಟ್ಟಾಗಿಡಲು ನನ್ನ ವಿದ್ಯೆಯನ್ನು ಕೊಡುವುದು ನಾನು ಆಡಿದ ಪ್ರತಿಯೊಂದು ಮಾತಿಗೂ ವಿರುದ್ಧವಾಗಿತ್ತು. ಇಲ್ಲ ಎನ್ನಲು ನನ್ನ ಬಳಿ ಇದ್ದಷ್ಟು ಕಾರಣಗಳು ಯಾರ ಬಳಿಯೂ ಇರಲಿಲ್ಲ. "ಕುಂದ್ರಿ, ಬರದು ಕೊಡ್ತೀನ್ರಿ," ಎಂದೆ.

ಹುಡುಗಿಯರ ಕೋಶಗಳಿದ್ದ ಕಡೆ ಟ್ರಿಪ್ಪಿನ ಲೆಕ್ಕಗಳ ಕೋಶವನ್ನು ಬರೆದೆ. ಫೋನ್ ಹಚ್ಚುವ ಭಾಗವನ್ನು ಕಿತ್ತುಹಾಕಿದೆ. ಅಲ್ಲಿಂದ ಯಾರಿಗೂ ವರದಿ ಬರಬೇಕಾಗಿರಲಿಲ್ಲ. ಆ ಭಾಷೆಯಲ್ಲಿ ಒಂದು ಸೌಲಭ್ಯವಿದೆ. ಸಾಲಿನ ಮೊದಲಿಗೆ ಒಂದು ಗುರುತು ಹಾಕಿದರೆ ಯಂತ್ರ ಆ ಸಾಲನ್ನು ಓದದೆ ದಾಟುತ್ತದೆ. ಮುಂದೆ ಅದನ್ನು ತೆರೆದು ನೋಡುವ ಮನುಷ್ಯರಿಗಾಗಿ ಅಲ್ಲಿ ಏನನ್ನಾದರೂ ಬರೆದಿಡಬಹುದು. ನಾನು ಆ ಗುರುತನ್ನು ಹಾಕಿದೆ. ಇದನ್ನು ತೆರೆದು ಸಾಲು ಸಾಲಾಗಿ ಓದುವವರು ಯಾರೆಂದು ನನಗೆ ಗೊತ್ತಿತ್ತು. ಅವರ ಭುಜದ ಮೇಲಿನಿಂದ ಇನ್ನು ಯಾರು ಯಾರು ಓದಬಹುದೆಂದು ಗೊತ್ತಿರಲಿಲ್ಲ. ಎದುರಿಗೆ ಅವರ ತಂದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದರು. ಮಾತನ್ನೇ ನಂಬಿ ಬದುಕಿದವನು ನಾನು; ಗುರುತಿನ ಮುಂದೆ ಒಂದೇ ಒಂದು ಪದವನ್ನು ಹುಡುಕುತ್ತ ಕೂತೆ. ಬರೆಯಬಹುದಾದ ಯಾವ ಪದದ ಬೆಲೆಯನ್ನೂ ತೆರಬೇಕಾದವರು ಅವರ ಮಗಳೇ ಆಗಿದ್ದರು. ಗುರುತನ್ನು ಅಳಿಸಿದೆ. ಫ್ಲಾಪಿಗೆ ಹಾಕಿ ಕೊಟ್ಟೆ.

ಅವರ ತಂದೆ ಅದನ್ನು ಅಂಗಿಯ ಜೇಬಿಗೆ ಇಳಿಸಿಕೊಂಡು ಎದ್ದರು. ಮೆಟ್ಟಿಲ ಬಳಿ ತಿರುಗಿ, "ಕಂಪ್ಲಿ ಕಡೆ ಬರ್ರಿ ಒಮ್ಮೆ, ಊಟ ಮಾಡಿ ಹೋಗೀರಂತ. ಈಗ ಬರೂದಾ ಬಿಟ್ಟೀರಿ," ಎಂದರು.

"ಬರ್ತೀನ್ರಿ," ಎಂದೆ.